ಬೇಸ್‌ಬಾಲಿನ 12.1 ಮತ್ತು ನಮ್ಮ 4.2 ಓವರ್: ರಿಂಕು ಸಿಂಗ್ ದಾಖಲೆ ಓದುತ್ತಾ

ಮೊದಲೇ ಹೇಳಿಬಿಡುತ್ತೇನೆ, ಇದು ಕೊನೆ ಓವರಿನಲ್ಲಿ ಐದು ಸಿಕ್ಸರ್ ಬಾರಿಸಿದ ರಿಂಕು ಸಿಂಗ್ ಅಲ್ಲ. ಈತನೂ ಉತ್ತರ ಪ್ರದೇಶದವನೇ, ಆದರೆ ಜಾವೆಲಿನ್ ಎಸೆಯುತ್ತಿದ್ದ ಎಡಗೈ ಹುಡುಗ. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆಯಲ್ಲಿ ಗಂಟೆಗೆ 87 ಮೈಲಿ, ಅಂದರೆ ಸುಮಾರು 140 ಕಿ.ಮೀ. ವೇಗದಲ್ಲಿ ಚೆಂಡೆಸೆದು ಗೆದ್ದ. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವಾದ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನೂ ಜೊತೆಗಾರ ದಿನೇಶ್ ಪಟೇಲ್‌ನನ್ನೂ ಸೇರಿಸಿಕೊಂಡಿತು. ಇಷ್ಟು ಕಥೆ ಎಲ್ಲರಿಗೂ ಗೊತ್ತು. ನಾನು ಎರಡು ದಿನ ಒದ್ದಾಡಿದ್ದು ಆಮೇಲಿನ ಅಂಕಿಪಟ್ಟಿ ಓದುವುದಕ್ಕೆ.

ಮೆಟ್ಟಿಲುಗಳ ವಿಷಯ ಬೇಗ ಮುಗಿಸುತ್ತೇನೆ. ಮೇಜರ್ ಲೀಗ್ (ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗ್) ತಂಡದ ಕೆಳಗೆ ಅದರದ್ದೇ ಕಿರಿಯ ತಂಡಗಳ ಸಾಲಿರುತ್ತದೆ. ರಿಂಕು ಆಡುತ್ತಿದ್ದ ಕಾಲಕ್ಕೆ ಕೆಳಗಿನಿಂದ ಮೇಲಕ್ಕೆ ಹೀಗಿತ್ತು: ರೂಕಿ, ಶಾರ್ಟ್ ಸೀಸನ್ ಎ, ಲೋ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಪೆನ್ಸಿಲ್ ಸೆಲ್ಲಿನಲ್ಲಿ ಎ ಹೆಚ್ಚಾದಷ್ಟೂ ಸೆಲ್ ಚಿಕ್ಕದು, ಇಲ್ಲಿ ಎ ಹೆಚ್ಚಾದಷ್ಟೂ ಆಟ ದೊಡ್ಡದು. (2021ರಲ್ಲಿ ಇದನ್ನೆಲ್ಲ ಮತ್ತೆ ಜೋಡಿಸಿ ಶಾರ್ಟ್ ಸೀಸನ್ ತೆಗೆದುಹಾಕಿದರು, ಹಾಗಾಗಿ ಈಗಿನ ಪಟ್ಟಿ ಇಟ್ಟುಕೊಂಡು ಹಳೆಯದನ್ನು ಓದಬೇಡಿ.) ರಿಂಕು 2009ರಲ್ಲಿ ಫ್ಲೋರಿಡಾದ ಗಲ್ಫ್ ಕೋಸ್ಟ್ ಲೀಗಿನಲ್ಲಿ, ಅಂದರೆ ರೂಕಿ ಮಟ್ಟದಲ್ಲಿ ಶುರುಮಾಡಿದ. 2011ರಲ್ಲಂತೂ ಡೊಮಿನಿಕನ್ ಸಮ್ಮರ್ ಲೀಗ್, ಅಲ್ಲಿಂದ ಶಾರ್ಟ್ ಸೀಸನ್ ಎ ಮಟ್ಟದ ಸ್ಟೇಟ್ ಕಾಲೇಜ್ ಸ್ಪೈಕ್ಸ್, ಅಲ್ಲಿಂದ ಲೋ ಎ ಮಟ್ಟದ ವೆಸ್ಟ್ ವರ್ಜೀನಿಯಾ ಪವರ್ ಎಂದು ಒಂದೇ ಸೀಸನ್ನಿನಲ್ಲಿ ಊರೂರು ಸುತ್ತಿದ್ದಾನೆ.

ನನ್ನ ತಲೆನೋವು ಶುರುವಾಗಿದ್ದು ಇಲ್ಲೇ. ಒಬ್ಬ ಪಿಚರ್ (ಚೆಂಡೆಸೆಯುವವ, ನಮ್ಮ ಬೌಲರ್ ಇದ್ದಂತೆ) ವರ್ಷದ ನಡುವೆ ತಂಡ ಬದಲಿಸಿದರೆ ಆ ಒಂದು ವರ್ಷಕ್ಕೆ ಪಟ್ಟಿಯಲ್ಲಿ ಎರಡು ಮೂರು ಸಾಲುಗಳಿರುತ್ತವೆ. ಇಡೀ ವರ್ಷದ್ದು ಬೇಕಾದರೆ ನಾವೇ ಕೂಡಬೇಕು. ಅಭ್ಯಾಸಕ್ಕೆಂದು ನಾನೇ ಬರೆದುಕೊಂಡ 5.2 ಮತ್ತು 3.2 ಇನ್ನಿಂಗ್ಸ್ ಕೂಡಿದೆ. ಕ್ಯಾಲ್ಕ್ಯುಲೇಟರ್ 8.4 ಎಂದಿತು. ಉತ್ತರ 9.1. ಯಾಕೆ?

ಚುಕ್ಕಿಯ ನಂತರ ಇರುವುದು ದಶಮಾಂಶ ಅಲ್ಲ ಎಂಬುದು ಕ್ರಿಕೆಟ್ ನೋಡಿದವರಿಗೆ ತಕ್ಷಣ ಹೊಳೆಯುತ್ತದೆ. 4.2 ಓವರ್ ಅಂದರೆ ನಾಲ್ಕು ಓವರ್, ಎರಡು ಬಾಲ್. ಹಾಗೇ 5.2 ಇನ್ನಿಂಗ್ಸ್ ಅಂದರೆ ಐದು ಇನ್ನಿಂಗ್ಸ್, ಎರಡು... ಎರಡು ಏನು? ನಾನು ‘ಬಾಲ್’ ಅಂದುಕೊಂಡೆ. ಅಲ್ಲೇ ಜಾರಿದ್ದು. ಎರಡು ಔಟ್! ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಆದ್ದರಿಂದ ಚುಕ್ಕಿಯ ನಂತರ 0, 1, 2 ಬಿಟ್ಟು ಬೇರೆ ಅಂಕೆ ಬರುವುದೇ ಇಲ್ಲ. 5.2 ಅಂದರೆ 17 ಔಟ್, 3.2 ಅಂದರೆ 11 ಔಟ್, ಒಟ್ಟು 28. ಮೂರರಿಂದ ಭಾಗಿಸಿದರೆ 9, ಉಳಿದದ್ದು 1.

ಕೂಡುವುದು ಬಂತು, ಆದರೂ ಇದನ್ನು ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನಗೆ ಒಳಗಿನ ಅರ್ಥ ಹೊಳೆದದ್ದು ಆಮೇಲೆ. ಬರೆಯುವ ರೀತಿ ಓವರಿನದ್ದು, ಅಳೆಯುವುದು ವಿಕೆಟ್ಟನ್ನು. ನಮ್ಮ ಬೌಲರ್ ಆರು ಬಾಲ್ ಹಾಕಿದರೆ ಓವರ್ ಮುಗಿಯಿತು, ವಿಕೆಟ್ ಬೀಳಲಿ ಬಿಡಲಿ. ಪಿಚರ್ ಎಷ್ಟು ಎಸೆದರೂ ಔಟ್ ಆಗದಿದ್ದರೆ ಅವನ ಇನ್ನಿಂಗ್ಸ್ ಲೆಕ್ಕ ಒಂದಿಂಚೂ ಮುಂದೆ ಹೋಗದು. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಆದರೆ ಎರಡು ಸ್ಟ್ರೈಕ್ ಆದ ಮೇಲೆ ಆತ ಫೌಲ್ (ಗೆರೆಯಾಚೆಗೆ) ಹೊಡೆಯುತ್ತಾ ನಿಂತರೆ ಅದು ಮೂರನೇ ಸ್ಟ್ರೈಕ್ ಅಲ್ಲ, ಚೆಂಡು ಮೇಲೆ ಚೆಂಡು ಎಸೆಯುತ್ತಲೇ ಇರಬೇಕು. ಇನ್ನೊಂದು ಕಡೆ, ಈಗಷ್ಟೇ ಬಂದ ಪಿಚರ್ ಎಸೆದ ಒಂದೇ ಚೆಂಡಿಗೆ ಡಬಲ್ ಪ್ಲೇ ಆಗಿ ಇಬ್ಬರು ಔಟಾದರೆ ಅವನ ಹೆಸರಿಗೆ 0.2. ಒಂದು ಚೆಂಡು, 0.2 ಇನ್ನಿಂಗ್ಸ್! ಓವರ್ ಎಂದು ಓದಿದರೆ ಇದು ಹುಚ್ಚು ಲೆಕ್ಕ, ವಿಕೆಟ್ ಎಂದು ಓದಿದರೆ ಸರಳ.

ಈಗ ಇಆರ್‌ಎ, ಅಂದರೆ ಅರ್ನ್ಡ್ ರನ್ ಆವರೇಜ್. ಪುಸ್ತಕದ ಸೂತ್ರ: ಅರ್ನ್ಡ್ ರನ್ (ಪಿಚರ್ ಹೊಣೆಗೆ ಬೀಳುವ ರನ್) ಗುಣಿಸು 9, ಭಾಗಿಸು ಇನ್ನಿಂಗ್ಸ್. ಇದನ್ನು ಎಕಾನಮಿ ರೇಟ್ ಅಂದುಕೊಂಡೇ ಅರ್ಧ ದಿನ ಕಳೆದೆ. ಅಲ್ಲ. ಇನ್ನಿಂಗ್ಸ್ ಅಂದರೆ ಔಟ್ ತಾನೆ? ಹಾಗಾದರೆ ಇದು ನಮ್ಮ ಬೌಲಿಂಗ್ ಸರಾಸರಿಯ ಅಣ್ಣ: ಒಂದು ಔಟಿಗೆ ಎಷ್ಟು ರನ್ ಕೊಟ್ಟ ಅನ್ನುವುದನ್ನು 27ರಿಂದ (9 ಇನ್ನಿಂಗ್ಸ್ × 3 ಔಟ್) ಗುಣಿಸಿದ್ದು. (ರನೌಟಿನಂಥವೂ ಇಲ್ಲಿ ಪಿಚರ್ ಲೆಕ್ಕಕ್ಕೇ ಸೇರುತ್ತವೆ, ಅಷ್ಟು ವ್ಯತ್ಯಾಸ.) ಆದ್ದರಿಂದ ನನ್ನ ಅಡ್ಡದಾರಿ:

ಅರ್ನ್ಡ್ ರನ್ × 27 ÷ ಔಟ್

ರಿಂಕುವಿನ 2009ರ ಇಆರ್‌ಎ 5.84. ಇದು ಎಂಥ ಅಂಕಿಗಳಿಂದ ಬರಬಹುದು ಎಂದು ಹಿಂದಿನಿಂದ ಹುಡುಕಿದೆ. 12.1 ಇನ್ನಿಂಗ್ಸ್‌ಗೆ 8 ರನ್ ಎಂದು ಇಟ್ಟುಕೊಳ್ಳಿ: 37 ಔಟ್, 8 × 27 = 216, ಭಾಗಿಸಿದರೆ 5.84. ಅದೇ 12.1ನ್ನು ದಶಮಾಂಶವೆಂದು ಕ್ಯಾಲ್ಕ್ಯುಲೇಟರಿಗೆ ಒತ್ತಿದರೆ 5.95 ಬರುತ್ತದೆ. ಸಣ್ಣ ತಪ್ಪೇ, ಆದರೆ ಪಟ್ಟಿಯ ಜೊತೆ ತಾಳೆಯಾಗದೆ ರಾತ್ರಿಯೆಲ್ಲ ಕಾಡುತ್ತದೆ.

2012ರ ಸಾಲು ಇನ್ನೂ ಅಚ್ಚುಕಟ್ಟು. ವೆಸ್ಟ್ ವರ್ಜೀನಿಯಾದಲ್ಲಿ 39 ಪಂದ್ಯ, 72 ಇನ್ನಿಂಗ್ಸ್, ಇಆರ್‌ಎ 3.00. 72 ಅಂದರೆ 216 ಔಟ್, ಆದ್ದರಿಂದ ರನ್ 24. ಒಂಬತ್ತು ಔಟಿಗೆ ಒಂದು ರನ್. ಮೂರು ವರ್ಷದಲ್ಲಿ 5.84ರಿಂದ ಇಲ್ಲಿಗೆ ಬಂದಿದ್ದಾನೆ, ಅದೂ ಮೇಲಿನ ಮಟ್ಟದಲ್ಲಿ. ಕ್ರಿಕೆಟ್ ಚೆಂಡನ್ನೂ ಬೇಸ್‌ಬಾಲನ್ನೂ ಬೆರಳಲ್ಲಿ ಹಿಡಿದು ನೋಡಿದವರಿಗೆ ಇದು ಎಷ್ಟು ದೊಡ್ಡದು ಗೊತ್ತಾಗುತ್ತದೆ.

ಬೇರೆ ಬೇರೆ ಸಾಲಿನ ಇಆರ್‌ಎಗಳನ್ನು ಕೂಡಿ ಸಾಲಿನ ಸಂಖ್ಯೆಯಿಂದ ಭಾಗಿಸಬೇಡಿ. ಎಲ್ಲ ರನ್ ಕೂಡಿ, ಎಲ್ಲ ಔಟ್ ಕೂಡಿ, ಆಮೇಲೆ ಒಂದೇ ಸಲ ಭಾಗಿಸಿ.

ಅರ್ನ್ಡ್, ಅನರ್ನ್ಡ್ ಗೊಂದಲ ಚಿಕ್ಕದು: ಫೀಲ್ಡರ್ ತಪ್ಪಿನಿಂದ ಬಂದ ರನ್ನಿಗೆ ಪಿಚರ್ ಹೊಣೆಯಲ್ಲ. ಇನ್ನೊಂದು, ನಡುವೆ ಬರುವ ರಿಲೀಫ್ ಪಿಚರ್‌ಗಳ ಸಾಲು ಓದುವಾಗ ಬೇಕಾದದ್ದು. ಹಿಂದಿನ ಪಿಚರ್ ಇಬ್ಬರನ್ನು ಬೇಸ್ ಮೇಲೆ ಬಿಟ್ಟುಹೋಗಿದ್ದು, ಈತ ಬಂದ ಮೇಲೆ ಅವರು ಮನೆ (ಹೋಮ್ ಪ್ಲೇಟ್) ಸೇರಿ ರನ್ ಗಳಿಸಿದರೆ ಆ ರನ್ ಬೀಳುವುದು ಹಿಂದಿನವನ ಖಾತೆಗೆ. ಅಂದರೆ ಒಬ್ಬರ ಇಆರ್‌ಎ ಕೆಟ್ಟಿದ್ದು ಇನ್ನೊಬ್ಬರ ಕೈಯಿಂದಲೂ ಇರಬಹುದು, ಪಟ್ಟಿ ಅದನ್ನು ಹೇಳುವುದಿಲ್ಲ.

ರಿಂಕು ಪಟ್ಟಿಯಲ್ಲಿ 2013ರ ಸಾಲು ಹುಡುಕಿ ಸಿಗದೆ, ಪುಟ ಪೂರ್ತಿ ತೆರೆದಿಲ್ಲವೇನೋ ಎಂದು ಎರಡು ಸಲ ನೋಡಿದೆ. ತೆರೆದಿತ್ತು. ಆ ವರ್ಷ ಎಸೆಯುವ ಕೈಗೇ ಪೆಟ್ಟಾಗಿ ಆಡಲಿಲ್ಲ, ಮೈನರ್ ಲೀಗ್ ದಾಖಲೆಯಲ್ಲಿ 2012ರದ್ದೇ ಕೊನೆ ಸಾಲು. 2018ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿ ಕುಸ್ತಿಪಟುವಾದ, ವೀರ್ ಮಹಾನ್ ಎಂಬ ಹೆಸರಿನಲ್ಲಿ. ಅಲ್ಲಿ ಇಆರ್‌ಎ ಇಲ್ಲ.