ಫೋಟೋಡೈನಮಿಕ್ ಚಿಕಿತ್ಸೆ: ವಸಡಿನ ಉರಿಯೂತಕ್ಕೆ ಬೆಳಕು

ವಸಡಿನ ಸಂದಿನಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳನ್ನು ಬಣ್ಣ, ಬೆಳಕು ಮತ್ತು ಆಮ್ಲಜನಕ ಇವು ಮೂರೂ ಕೂಡಿ ಕೊಲ್ಲುವ ವಿಧಾನವನ್ನು ದಂತವೈದ್ಯರು ಆಂಟಿಮೈಕ್ರೋಬಿಯಲ್ ಫೋಟೋಡೈನಮಿಕ್ ಚಿಕಿತ್ಸೆ ಎಂದು ಕರೆಯುತ್ತಾರೆ. ಇದರ ಬೇರು ಹಳೆಯದು: ಆಕ್ರಿಡಿನ್ ಬಣ್ಣ ಬೆರೆತ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕು ಬಿದ್ದಾಗ ಬೇಗನೆ ಸಾಯುತ್ತವೆ ಎಂಬುದನ್ನು 1900ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಗುರುತಿಸಿದ್ದ.

ಆರೋಗ್ಯವಂತ ವಸಡು ಮತ್ತು ಹಲ್ಲಿನ ನಡುವಿನ ಸಂದು 1ರಿಂದ 3 ಮಿಲಿಮೀಟರ್ ಆಳವಿರುತ್ತದೆ. ರೋಗ ಬಲಿತಂತೆ ಅದು ಬ್ರಷ್ ತಲುಪಲಾಗದ ಚೀಲವಾಗುತ್ತದೆ. ವೈದ್ಯರು ಮೊದಲು ಅಲ್ಲಿ ಹಲ್ಲಿಗೆ ಅಂಟಿ ಗಟ್ಟಿಯಾದ ಗಾರೆಯನ್ನು (ಟಾರ್ಟರ್) ಕೆರೆದು ತೆಗೆದು, ಮೆಥಿಲೀನ್ ಬ್ಲೂನಂಥ ನೀಲಿ ದ್ರಾವಣವನ್ನು ಮೊಂಡು ಸೂಜಿಯಿಂದ ಚೀಲದ ತಳಕ್ಕೆ ಬಿಟ್ಟು, ಅದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುವಷ್ಟು ಹೊತ್ತು ಕಾದು, ಬೆಳಕಿಗೆ ಅಡ್ಡಬರುವ ಹೆಚ್ಚುವರಿ ಬಣ್ಣವನ್ನು ತೊಳೆದ ಮೇಲೆ, ಸುಮಾರು 660 ನ್ಯಾನೋಮೀಟರ್‌ ತರಂಗಾಂತರದ ಕೆಂಪು ಬೆಳಕನ್ನು ತೆಳು ತುದಿಯ ಮೂಲಕ ಒಳಗೆ ಹಾಯಿಸುತ್ತಾರೆ. ಬೆಳಕನ್ನು ಹೀರಿದ ಬಣ್ಣವು ಆ ಶಕ್ತಿಯನ್ನು ಸುತ್ತಲಿನ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಹುಟ್ಟುವ ಸಿಂಗ್ಲೆಟ್ ಆಕ್ಸಿಜನ್ ಎಂಬ ಅತಿ ಚುರುಕಾದ ಆಮ್ಲಜನಕದ ರೂಪ ಕ್ಷಣಮಾತ್ರ ಬದುಕಿದರೂ ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್‌ಎಗಳನ್ನು ಒಟ್ಟಿಗೆ ಹಾಳುಮಾಡುತ್ತದೆ. ಆದ್ದರಿಂದ ಆಂಟಿಬಯೋಟಿಕ್‌ಗಳಿಗೆ ಬೆಳೆಯುವಂತೆ ಇದಕ್ಕೆ ನಿರೋಧಕತೆ ಸುಲಭವಾಗಿ ಬೆಳೆಯುವುದಿಲ್ಲ. ಈ ವಿಧಾನದ ನಿಜವಾದ ಆಕರ್ಷಣೆ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಪಾರ್ಫಿರೋಮೋನಾಸ್ ಜಿಂಜಿವಾಲಿಸ್‌ನಂಥ ಕೆಲವು ವಸಡು ರೋಗಾಣುಗಳು ಪಾರ್ಫಿರಿನ್ ಎಂಬ ಬಣ್ಣದ ವಸ್ತುವನ್ನು ತಮ್ಮೊಳಗೇ ಹೊಂದಿರುವುದರಿಂದ, ಹೊರಗಿನ ಬಣ್ಣವಿಲ್ಲದೆ ನೀಲಿ ಬೆಳಕೊಂದೇ ಅವುಗಳನ್ನು ಕುಗ್ಗಿಸಬಲ್ಲದು ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಬಣ್ಣವಿಲ್ಲದೆ ಕೆಂಪು ಅಥವಾ ಅವಗೆಂಪು ಬೆಳಕನ್ನು ಹಾಯಿಸುವ ಫೋಟೋಬಯೋಮಾಡ್ಯುಲೇಶನ್ ಬೇರೆಯೇ ಸಂಗತಿ: ಅದರ ಗುರಿ ಬ್ಯಾಕ್ಟೀರಿಯಾವಲ್ಲ, ನಮ್ಮದೇ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ; ಉರಿಯೂತ ತಗ್ಗಿಸಿ ಗಾಯ ಮಾಯಲು ನೆರವಾಗುವುದು ಅದರ ಉದ್ದೇಶ. ಜಾಹೀರಾತುಗಳು ಈ ಮೂರನ್ನೂ ‘ಬೆಳಕಿನ ಚಿಕಿತ್ಸೆ’ ಎಂಬ ಒಂದೇ ಹೆಸರಿನಲ್ಲಿ ಬೆರೆಸಿಬಿಡುವುದು ಸರಿಯಲ್ಲ.

ಫೋಟೋಡೈನಮಿಕ್ ಚಿಕಿತ್ಸೆಯಿಂದ ಸಿಗುವ ಹೆಚ್ಚುವರಿ ಲಾಭದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ವಸಡು ರೋಗ ತಜ್ಞರ ಒಕ್ಕೂಟವಾದ ಯುರೋಪಿಯನ್ ಫೆಡರೇಶನ್ ಆಫ್ ಪೀರಿಯಡಾಂಟಾಲಜಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಗಾರೆ ತೆಗೆಯುವ ಚಿಕಿತ್ಸೆಯ ಜೊತೆಗೆ 660–670 ನ್ಯಾನೋಮೀಟರ್‌ನ ಫೋಟೋಡೈನಮಿಕ್ ಚಿಕಿತ್ಸೆಯನ್ನು ಬಳಸದಿರುವಂತೆ ಸಲಹೆ ನೀಡಿದೆ. ಗಟ್ಟಿಯಾದ ಗಾರೆಯನ್ನು ಯಾವ ಬೆಳಕೂ ಕರಗಿಸದು. ಅದನ್ನು ತೆಗೆಯದೆ ಬೆಳಕು ಹಾಯಿಸಿದರೆ ರೋಗಾಣುಗಳಿಗೆ ಮತ್ತೆ ನೆಲೆಯೂರಲು ಜಾಗ ಹಾಗೆಯೇ ಉಳಿದಿರುತ್ತದೆ.