ಪದ ಪರಿಚಯ: ಫೋವಿಸಂ

ಫೋವಿಸಂ ಎಂದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಚಿತ್ರಕಲೆಯ ಪಂಥ. ಫ್ರೆಂಚಿನಲ್ಲಿ ‘ಫೋವ್’ ಎಂದರೆ ಕಾಡುಮೃಗ. 1905ರಲ್ಲಿ ಪ್ಯಾರಿಸ್ಸಿನ ಶರತ್ಕಾಲದ ಕಲಾಪ್ರದರ್ಶನದ ಏಳನೇ ಕೋಣೆಯಲ್ಲಿ ಮಾತಿಸ್, ದೆರಾಂ, ವ್ಲಾಮಿಂಕ್ ಮೊದಲಾದವರ ಚಿತ್ರಗಳ ಮಧ್ಯೆ ಹಳೇ ಇಟಲಿಯ ಧಾಟಿಯ ಶಿಲ್ಪವೊಂದಿತ್ತು. ವಿಮರ್ಶಕ ಲೂಯಿ ವೋಸೆಲ್ ಅದನ್ನು ನೋಡಿ ‘ಕಾಡುಮೃಗಗಳ ನಡುವೆ ದೊನಾತೆಲ್ಲೊ’ ಎಂದು ಬರೆದ (ದೊನಾತೆಲ್ಲೊ ಹಳೇ ಇಟಲಿಯ ಹೆಸರಾಂತ ಶಿಲ್ಪಿ). ಹೆಸರು ಅಂಟಿಕೊಂಡಿತು. ಗುಂಪು ಮಾತ್ರ ಮೂರ್ನಾಲ್ಕು ವರ್ಷಕ್ಕೇ ಚದುರಿತು.

ಗಾಢ ಬಣ್ಣ ಬಳಿದ ಚಿತ್ರವನ್ನೆಲ್ಲ ಫೋವ್ ಎನ್ನುವುದು ತಪ್ಪು. ಎಲೆ ಹಸಿರಾಗಿಯೇ ಇರಬೇಕು, ಚರ್ಮ ಚರ್ಮದ ಬಣ್ಣದಲ್ಲೇ ಇರಬೇಕು ಎಂಬ ಕಟ್ಟನ್ನು ವ್ಯಾನ್ ಗೋ, ಗೊಗ್ಯಾಂ ಸಡಿಲಿಸಿದ್ದರು. ಫೋವ್ ಗುಂಪಿನವರು ಬಿಚ್ಚಿಯೇ ಹಾಕಿದರು. ಮಾತಿಸ್ ಅದೇ ವರ್ಷ ಬರೆದ ಹೆಂಡತಿಯ ಭಾವಚಿತ್ರ ‘ಹಸಿರು ಪಟ್ಟೆ’ ನೋಡಿ. ಹಣೆಯಿಂದ ಮೂಗಿನ ಗುಂಟ ಒಂದು ಹಸಿರು ಪಟ್ಟೆ ಇಳಿಯುತ್ತದೆ. ಮುಖದ ಒಂದು ಪಾಲು ಹಳದಿ, ಇನ್ನೊಂದು ಗುಲಾಬಿ. ಎರಡೂ ಕೂಡುವ ಅಂಚನ್ನು ತೋರಿಸಲು ಬೇಕಿದ್ದ ನೆರಳಿನ ಕೆಲಸವನ್ನು ಆ ಹಸಿರೇ ಮಾಡುತ್ತದೆ. ಅದಕ್ಕೇ ಮುಖ ಚಪ್ಪಟೆಯಾಗದೆ ಮುಖವಾಗಿಯೇ ಉಳಿದಿದೆ.

ಅನುಕರಿಸುವವರು ಎಡವುವುದು ಇಲ್ಲೇ. ಟ್ಯೂಬಿನಿಂದ ಹಿಂಡಿದ ಕೆಂಪು, ಹಸಿರುಗಳನ್ನು ತಿಳಿ-ಗಾಢದ ವ್ಯತ್ಯಾಸವಿಲ್ಲದೆ ಪಕ್ಕಪಕ್ಕ ಇಟ್ಟರೆ ಕಣ್ಣು ಕೋರೈಸುತ್ತದೆ, ಆಕಾರ ಕರಗಿಹೋಗುತ್ತದೆ. ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ: ಎಲ್ಲ ಒಂದೇ ಬೂದಿಯಾಗಿ ಕಂಡರೆ ಒಂದನ್ನು ಬಿಳಿ ಬೆರೆಸಿ ತಿಳಿಯಾಗಿಸಬೇಕು. ಇನ್ನೊಂದು ತೊಂದರೆ, ಹಸಿ ಕೆಂಪಿನ ಮೇಲೆ ಹಸಿ ಹಸಿರು ತಾಗಿ ಕೆಸರಾಗುವುದು. ದಕ್ಷಿಣ ಫ್ರಾನ್ಸಿನ ಕಡಲೂರು ಕೊಲಿಯೂರಿನಲ್ಲಿ ಬರೆದ ಚಿತ್ರಗಳಲ್ಲಿ ದೆರಾಂ ಕುಂಚದ ಗೆರೆಗಳ ನಡುವೆ ಬರಿಯ ಕ್ಯಾನ್ವಾಸನ್ನು ಹಾಗೇ ಬಿಟ್ಟಿದ್ದಾನೆ. ಆ ಬಿಳಿ ಸಂದಿಯಿಂದ ಬಣ್ಣಗಳು ಶುದ್ಧವಾಗಿ ಉಳಿಯುತ್ತವೆ.

ಮುಂದಿನವರು ಇದನ್ನು ಬೇರೆಬೇರೆ ಕಡೆ ಒಯ್ದರು. ಜರ್ಮನಿಯ ಡ್ರೆಸ್ಡೆನ್ನಿನ ಚಿತ್ರಕಾರ ಕಿರ್ಶ್ನರ್‌ನ ಬೀದಿ ಚಿತ್ರಗಳಲ್ಲಿ ಅಂಥದೇ ಬಣ್ಣ ನಗರದ ತಳಮಳವಾಯಿತು. ಬ್ರಾಕ್ ಸ್ವತಃ ಫೋವ್ ಆಗಿದ್ದವನು, 1908ರ ಹೊತ್ತಿಗೆ ಬಣ್ಣವನ್ನೇ ತಗ್ಗಿಸಿ, ವಸ್ತುಗಳನ್ನು ಕೋನಾಕಾರದ ತುಂಡುಗಳಾಗಿ ಒಡೆದು ತೋರುವ ಕ್ಯೂಬಿಸಂ ಕಡೆ ಹೊರಳಿದ. ನನಗೆ ಎಲ್ಲಕ್ಕಿಂತ ಆಳವಾದ ನಂಟು ಕಾಣುವುದು ಅಮೆರಿಕದ ಅಮೂರ್ತ ಚಿತ್ರಕಾರ ರಾತ್ಕೋನಲ್ಲಿ. ಮಾತಿಸ್‌ನ ‘ಕೆಂಪು ಸ್ಟುಡಿಯೋ’ (1911) ಚಿತ್ರದಲ್ಲಿ ಗೋಡೆ, ನೆಲ, ಮೇಜು ಎಲ್ಲವನ್ನೂ ಒಂದೇ ಕೆಂಪು ನುಂಗಿದೆ. ಕುರ್ಚಿಯ ಗೆರೆಗಳು ಎಳೆದವಲ್ಲ, ಕೆಂಪು ಬಳಿಯುವಾಗ ಬಿಟ್ಟ ಸಂದಿಯಲ್ಲಿ ಇಣುಕುವ ಕೆಳಪದರದ ಬಣ್ಣ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು 1949ರಲ್ಲಿ ಕೊಂಡಿತು. ರಾತ್ಕೋ ಅದರ ಮುಂದೆ ಗಂಟೆಗಟ್ಟಲೆ ಕೂತ. ಮಾತಿಸ್ ತೀರಿಕೊಂಡ 1954ರಲ್ಲಿ ತನ್ನದೊಂದು ಕ್ಯಾನ್ವಾಸಿಗೆ ‘ಮಾತಿಸ್‌ಗೆ ನಮನ’ ಎಂದೇ ಹೆಸರಿಟ್ಟ.