ಮಿಕ್ಸಿ ಎಷ್ಟು ಡೆಸಿಬೆಲ್? ಪ್ರಶ್ನೆಯೇ ತಪ್ಪು

ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮ ಚಟ್ನಿ ಅರೆಯುವಾಗ ಮೊಬೈಲ್ ಆ್ಯಪ್ ಹಿಡಿದೆ. ಕಟ್ಟೆಯ ಹತ್ತಿರ 88 ಡೆಸಿಬೆಲ್. ಹಾಲ್‌ನಲ್ಲಿ 71. ಮಿಕ್ಸಿ ಅದೇ, ಜಾರಿನೊಳಗಿನ ಕಾಯಿಯೂ ಅದೇ. ಯಾವುದು ಸರಿ?

ಎರಡೂ ಫೋನ್ ಇದ್ದ ಜಾಗದ ಸುದ್ದಿ, ಮಿಕ್ಸಿಯದಲ್ಲ. ಬಲ್ಬಿನ ವಾಟ್ ಬೇರೆ, ಪುಸ್ತಕದ ಮೇಲೆ ಬಿದ್ದ ಬೆಳಕು ಬೇರೆ, ಅಲ್ವಾ? ದೂರ ಹೇಳದೆ ಬರೀ ‘ಇಷ್ಟು ಡೆಸಿಬೆಲ್’ ಅನ್ನುವ ಜಾಹೀರಾತು ಕಂಡರೆ ನನಗೆ ರೇಗುತ್ತದೆ. ಪಟಾಕಿ ನಿಯಮ ಬರೆದವರೇ ವಾಸಿ: ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ದಾಟಬಾರದು ಅಂದರು.

ಮಿಕ್ಸಿಯದೇ ಲೆಕ್ಕ ಬೇಕಾದರೆ ಅದು ಹೊರಬಿಡುವ ಒಟ್ಟು ಸದ್ದನ್ನು ವಾಟ್‌ನಲ್ಲಿ ಅಳೆಯಬೇಕು. ನೂರಾರು ವಾಟ್ ಕರೆಂಟ್ ಕುಡಿದು ಇಷ್ಟೆಲ್ಲ ಅರಚುವ ಯಂತ್ರ ಸದ್ದಾಗಿ ಬಿಡುವುದು ಮಿಲಿವಾಟ್ ಆಸುಪಾಸು ಅಷ್ಟೇ! ಅಳೆಯಲು ಗೋಡೆಯೆಲ್ಲ ಸದ್ದು ನುಂಗುವ ಕೋಣೆ ಬೇಕು. ಇಲ್ಲವೇ ತದ್ವಿರುದ್ಧವಾದ, ಬರೀ ಪ್ರತಿಧ್ವನಿಯ ಕೋಣೆ. ಈ ಎರಡನೆಯದಕ್ಕೆ ಅಡಿಪಾಯ ಹಾಕಿದವನು ಹಾರ್ವರ್ಡ್‌ನ ವ್ಯಾಲೇಸ್ ಸಬೈನ್. 1895ರಲ್ಲಿ ಶುರು ಮಾಡಿ, ರಾತ್ರಿಯೆಲ್ಲ ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಪಾಠದ ಕೋಣೆಗೆ ಹೊತ್ತು ತಂದು, ಆರ್ಗನ್ ಕೊಳವೆ ನುಡಿಸಿ, ಸದ್ದು ಆರಲು ಎಷ್ಟು ಸೆಕೆಂಡ್ ಅಂತ ಎಣಿಸಿದ. ಮೆತ್ತೆ ಜಾಸ್ತಿಯಾದಷ್ಟೂ ಸದ್ದು ಬೇಗ ಆರುತ್ತಿತ್ತು. ಕೋಣೆ ಎಷ್ಟು ಸದ್ದು ನುಂಗುತ್ತದೆ ಅಂತ ಹೀಗೆ ಗೊತ್ತಾದರೆ, ಒಳಗಿಟ್ಟ ಯಂತ್ರ ಎಷ್ಟು ಬಿಡುತ್ತಿದೆ ಅಂತಲೂ ಲೆಕ್ಕ ಹಾಕಬಹುದು.

ನನಗೆ ಪ್ರಾಣವಾದದ್ದು ಮೂರನೆಯ ದಾರಿ. ವಿಶೇಷ ಕೋಣೆಯೇ ಬೇಡ. ಕೋಲಿನ ತುದಿಯಲ್ಲಿ ಎರಡು ಪುಟ್ಟ ಮೈಕು, ನಡುವೆ ಬೆರಳಗಲ ಜಾಗ. ಎರಡರ ಒತ್ತಡದ ವ್ಯತ್ಯಾಸದಿಂದ ಗಾಳಿಯ ಕಣಗಳ ವೇಗ ಸಿಗುತ್ತದೆ. ಅದನ್ನು ಒತ್ತಡದಿಂದ ಗುಣಿಸಿದರೆ ಸದ್ದು ಎತ್ತ ಹರಿಯುತ್ತಿದೆ, ಎಷ್ಟು ಹರಿಯುತ್ತಿದೆ ಅಂತ ತಿಳಿಯುತ್ತದೆ. ಮಿಕ್ಸಿಯ ಸುತ್ತ ಒಂದು ಪೆಟ್ಟಿಗೆ ಇದೆ ಅಂದುಕೊಳ್ಳಿ. ಕೆಳಗೆ ಕಲ್ಲಿನ ಕಟ್ಟೆ, ಹಾಗಾಗಿ ಐದೇ ಮುಖ. ಸುಣ್ಣ ಬಳಿಯುವ ಹಾಗೆ ಐದಕ್ಕೂ ಕೋಲು ಆಡಿಸಬೇಕು.

ಬೀದಿಯಲ್ಲಿ ಬಸ್ಸು ನಿಂತು ಗುರ್ ಅನ್ನುತ್ತಿದ್ದರೆ? ಆ ಸದ್ದು ಒಂದು ಮುಖದಿಂದ ಒಳಗೆ ಬಂದು ಇನ್ನೊಂದರಿಂದ ಆಚೆ ಹೋಗುತ್ತದೆ. ಬಂದದ್ದು ಮೈನಸ್, ಹೋದದ್ದು ಪ್ಲಸ್, ಉಳಿದದ್ದು ಸೊನ್ನೆ. ಕಡಲೆಕಾಯಿ ಪರಿಷೆಯ ದಿನ ನಮ್ಮ ಗಲ್ಲಿಯಲ್ಲಿ ಸಾವಿರಾರು ಜನ ಹಾದುಹೋಗುತ್ತಾರೆ. ಎರಡೂ ತುದಿಯಲ್ಲಿ ನಿಂತು ಹೀಗೇ ಕೂಡಿ ಕಳೆದರೆ, ಗಲ್ಲಿಯ ಮನೆಗಳಿಂದ ಹೊರಟವರಷ್ಟೇ ಲೆಕ್ಕದಲ್ಲಿ ಉಳಿಯುತ್ತಾರೆ.

ಹೊರಗಿನ ಸದ್ದು ಮಾತ್ರ ಒಂದೇ ಸಮನೆ ಇರಬೇಕು, ಹಾರ್ನ್ ಹೊಡೆದರೆ ಲೆಕ್ಕ ಕೆಟ್ಟಿತು. ಪೆಟ್ಟಿಗೆಯೊಳಗೆ ಸದ್ದು ಹೀರುವ ವಸ್ತುವೂ ಇರಬಾರದು. ಮಿಕ್ಸಿಯ ಕೆಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿರುವ ಹಳೇ ಟವೆಲ್ ತೆಗೆಯಲು ಅಮ್ಮ ಇನ್ನೂ ಒಪ್ಪಿಲ್ಲ.